ಅಕ್ಕ ಕೇಳಬೇಕೆಂದಿದ್ದ ಪ್ರಶ್ನೆ

ಅವರು ಎದ್ದು ಹೋದ ಮೇಲೆ ಮೇಜು ನೋಡಿದರೆ ಸಾಕು, ಅಲ್ಲಿ ಯಾರು ಕೂತಿದ್ದರು ಎಂದು ಹೇಳಬಹುದಿತ್ತು. ದಾಲ್ಚಿನ್ನಿ ಬನ್ನಿನ ಕೆಳಗಿನ ಕಾಗದ, ಸಕ್ಕರೆ ಪೊಟ್ಟಣ, ಅಂಗಡಿಯ ರಸೀದಿ, ಕೈಗೆ ಸಿಕ್ಕ ಯಾವ ಚೂರನ್ನೂ ಅವರು ಬಿಡುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು, ಒಂದು ತುದಿ ಸಣ್ಣಗೆ, ಇನ್ನೊಂದು ತುದಿ ಸ್ವಲ್ಪ ದಪ್ಪಗೆ ಬರುವ ಹಾಗೆ ಬಿಗಿಯಾಗಿ ಸುತ್ತಿ, ಕೊನೆಗೆ ಉಗುರಿನಿಂದ ತುದಿಯನ್ನು ಒಳಕ್ಕೆ ಮಡಚಿಬಿಡುತ್ತಿದ್ದರು. ಮಾತು ಅಮೆರಿಕದ ಚರಿತ್ರೆಯ ಮೇಲಿರುತ್ತಿತ್ತು, ಕಣ್ಣು ಎದುರಿಗಿದ್ದವರ ಮೇಲೆ. ಬೆರಳುಗಳು ಮಾತ್ರ ತಮ್ಮ ಪಾಡಿಗೆ ತಾವು ದುಡಿಯುತ್ತಿದ್ದವು. ಅವರ ವಿಭಾಗದ ಸ್ವೀಡಿಷ್ ಸಹೋದ್ಯೋಗಿಗಳು ಅದೊಂದು ಚಟ ಎಂದುಕೊಂಡಿದ್ದರು. ಬೆಂಗಳೂರಿನಲ್ಲಿ ಬೆಳೆದ ನಾನೂ ಹಾಗೆಯೇ ಅಂದುಕೊಂಡಿದ್ದೆ.

ನಮ್ಮ ಪರಿಚಯ ಆದದ್ದು ದಿನಾ ಕೆಲಸಕ್ಕೆ ಹೋಗಿಬರುವವರ ಪೆಂಡೆಲ್ ರೈಲಿನಲ್ಲಿ. ನನ್ನ ಮನೆಯೂ ಅವರ ಮನೆಯೂ ಸೋಲ್ನಾದಲ್ಲಿ, ಇಬ್ಬರ ಕೆಲಸವೂ ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ. ನಾನು ಆಸ್ಪತ್ರೆಯ ಪಕ್ಕದ ಪ್ರಯೋಗಾಲಯದಲ್ಲಿ ಇಲಿಗಳ ಶ್ವಾಸಕೋಶ ನೋಡಿಕೊಂಡಿದ್ದರೆ, ಅವರು ಚರಿತ್ರೆ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಮಗಳ ಶಿಶುವಿಹಾರದ ವಿಷಯಕ್ಕೆ ನಾನು ಫೋನಿನಲ್ಲಿ ಗಂಡನಿಗೆ, "ದಾಗಿಸ್‌ನಿಂದ ಮಗೂನ ಕರ್ಕೊಂಡ್ ಬರೋಕೂ ನಾನೇ ನೆನಪು ಮಾಡ್ಬೇಕಾ?" ಎಂದು ಬಯ್ಯುತ್ತಿದ್ದಾಗ ಎದುರು ಸೀಟಿನಲ್ಲಿದ್ದ ಹೆಂಗಸು ನಕ್ಕರು. ಅದೇ ಅವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮಂಗಳೂರಿನ ಕಡೆಯವರು. ನಮ್ಮಂಥ ಬೆಂಗಳೂರಿನವರೆದುರು ನಮ್ಮ ಹಾಗೆಯೇ ಮಾತಾಡುತ್ತಿದ್ದರು. ಸಿಟ್ಟು ಬಂದಾಗ ಮಾತ್ರ "ಎಂತ ಮಾರಾಯ್ತಿ" ಹೊರಗೆ ಬರುತ್ತಿತ್ತು. ನಾನು ಅವರನ್ನು ಮೇಡಂ ಎಂದರೆ ಅವರಿಗೆ ಆಗುತ್ತಿರಲಿಲ್ಲ.

"ಈ ದೇಶದಲ್ಲಿ ಪ್ರಧಾನಿಯನ್ನೂ ಹೆಸರು ಹಿಡಿದು ಕರೀತಾರೆ. ನಾನ್ಯಾವ ಊರಿನ ಮೇಡಂ?"

"ಪ್ರಧಾನಿ ಬಂದ್ರೆ ಹೆಸರು ಹಿಡಿದು ಕರೀತೀನಿ ಬಿಡಿ ಮೇಡಂ" ಎಂದಿದ್ದೆ. ಆಮೇಲೆ ಅವರು ಆ ಪ್ರಯತ್ನ ಬಿಟ್ಟರು.

ಅವರ ಕೋಣೆಯ ಗೋಡೆಯಲ್ಲಿ ಒಂದು ಹಳೆಯ ಫೋಟೊದ ಪ್ರತಿ ಇತ್ತು. ಅಮೆರಿಕವನ್ನು ಅಡ್ಡಕ್ಕೆ ದಾಟುವ ರೈಲು ಹಳಿ, ಎರಡೂ ಕಡೆಯಿಂದ ಬಂದು ಕೂಡಿದ ದಿನದ್ದು. ಎರಡು ಎಂಜಿನ್‌ಗಳು ಮುಖಾಮುಖಿ ನಿಂತಿವೆ, ಸುತ್ತ ಟೋಪಿ ಹಾಕಿದ ಜನ. ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, "ಇದರಲ್ಲಿ ಯಾರಿಲ್ಲ ಹೇಳಿ" ಎನ್ನುತ್ತಿದ್ದರು. ಸ್ವೀಡನ್ನಿನವರು ತಕ್ಷಣ "ಹೆಂಗಸರು" ಎನ್ನುತ್ತಿದ್ದರು. "ಸರಿ, ಒಪ್ಪಿದೆ. ಇನ್ನೂ ಯಾರಿಲ್ಲ?" ನಮ್ಮ ಕನ್ನಡ ಕೂಟದ ಐಟಿ ಹುಡುಗನೊಬ್ಬ ಬಹಳ ಹೊತ್ತು ನೋಡಿ, "ಇಲ್ಲದಿರೋದು ಪ್ರಾಜೆಕ್ಟ್ ಮ್ಯಾನೇಜರ್ ಇರ್ಬೇಕು ಮೇಡಂ, ಇವರೆಲ್ಲ ಕೆಲಸ ಮಾಡಿರೋ ಹಾಗೆ ಕಾಣ್ತಾರೆ" ಎಂದಿದ್ದ. ಆವತ್ತು ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಹಿಮದಲ್ಲಿ ಬೆಟ್ಟ ಸಿಡಿಸಿ ಸುರಂಗ ಕೊರೆದು, ಹಳಿಯನ್ನು ಅಲ್ಲಿಯವರೆಗೆ ತಂದ ಚೀನಾದ ಕೂಲಿಗಳು ಆ ಫೋಟೊದಲ್ಲಿ ಕಾಣುವುದಿಲ್ಲ ಎನ್ನುವುದು ಉತ್ತರ.

ಅವರ ಸಂಶೋಧನೆ ಇದ್ದದ್ದು ರೈಲಿನ ಮೇಲಲ್ಲ, ಚುಟ್ಟದ ಮೇಲೆ, ದುಡಿಯುವ ಮಕ್ಕಳ ಮೇಲೆ. ಹಳಿ ಮುಗಿದ ಕಾಲಕ್ಕೆ ಕ್ಯಾಲಿಫೋರ್ನಿಯಾದ ನಗರಗಳಲ್ಲಿ ಬಹಳಷ್ಟು ಚೀನೀಯರು ಚುಟ್ಟ ಸುತ್ತುವ ಕೆಲಸದಲ್ಲಿದ್ದರು. ಅವರ ಮೇಲೆ ಉರಿದುಬಿದ್ದ ಅಲ್ಲಿನ ಕಾರ್ಮಿಕರು ತಾವು ಮಾಡಿದ ಚುಟ್ಟದ ಪೆಟ್ಟಿಗೆಗೆ, ಇದು ಬಿಳಿಯರ ಕೈಯಲ್ಲಿ ಆದದ್ದು ಎಂದು ಚೀಟಿ ಅಂಟಿಸಿದರು. ಚೀನೀಯರು ತೊಲಗಿದರೆ ನಮ್ಮ ಹುಡುಗ ಹುಡುಗಿಯರಿಗೆ ಆ ಕೆಲಸ ಸಿಗುತ್ತದೆ ಎಂದು ಭಾಷಣಗಳಾದವು. ಚೀನಾದ ಕೂಲಿಗಳು ದೇಶದೊಳಕ್ಕೆ ಬರದ ಹಾಗೆ ಕಾನೂನೇ ಬಂತು. ಕೆಲವು ದಶಕ ಕಳೆದ ಮೇಲೆ ಅದೇ ದೇಶದ ಜನ, ಹತ್ತಿ ಗಿರಣಿಗಳಲ್ಲಿ ಬರಿಗಾಲಲ್ಲಿ ಯಂತ್ರ ಹತ್ತಿ ನಿಂತ ಮಕ್ಕಳ ಫೋಟೊ ನೋಡಿ ಕಣ್ಣೀರು ಹಾಕಿದರು.

"ಮಕ್ಕಳಿಗೆ ಫೋಟೊ ಸಿಕ್ತು, ಕನಿಕರ ಸಿಕ್ತು. ಚೀನೀಯರಿಗೆ ವ್ಯಂಗ್ಯಚಿತ್ರ ಸಿಕ್ತು, ದ್ವೇಷ ಸಿಕ್ತು. ಇಬ್ಬರನ್ನೂ ಕೂರಿಸಿ ಒಂದು ಮಾತು ಕೇಳಿದವರು ಎಷ್ಟು ಜನ, ಹೇಳು?" ಎಂದು ರೈಲಿನಲ್ಲಿ ಒಮ್ಮೆ ಕೇಳಿದರು. ನನ್ನನ್ನೇ ಆರೋಪಿ ಮಾಡಿದ ಹಾಗೆ ಕೇಳುತ್ತಿದ್ದರು. ಅದೂ ಇಲಿಗಳ ಶ್ವಾಸಕೋಶ ನೋಡುವವಳನ್ನು!

ಚರಿತ್ರೆಯ ವಿಷಯದಲ್ಲಿ ಇಷ್ಟು ಗಡಸಾದ ಹೆಂಗಸು ಮಕ್ಕಳ ಮುಂದೆ ಬೇರೆಯೇ ಆಗುತ್ತಿದ್ದರು. ನಮ್ಮ ಮನೆಗಳಲ್ಲಿ ಯಾರಾದರೂ ಬಂದರೆ ಮೊದಲು ಮಗುವಿಗೇ ಹೇಳುತ್ತೇವಲ್ಲ, ಹೋಗಮ್ಮ, ಆಂಟಿಗೆ ನೀರು ತಂದುಕೊಡು ಅಂತ. ನನ್ನ ಮಗಳು ಲೋಟ ತರಲು ಏಳುವ ಮೊದಲೇ ಅವರು ಎದ್ದು ಅಡುಗೆಮನೆಗೆ ಹೋಗಿ ತಾವೇ ನಲ್ಲಿ ತಿರುಗಿಸಿಕೊಳ್ಳುತ್ತಿದ್ದರು. ಒಂದು ಶನಿವಾರ ಊರಿಂದ ಬಂದವರೊಬ್ಬರು ತಂದ ಅವರೆಕಾಯಿಯನ್ನು ನಾನೂ ಮಗಳೂ ನೆಲದ ಮೇಲೆ ಕೂತು ಸುಲಿಯುತ್ತಿದ್ದೆವು. ಮಗಳು ನನಗಿಂತ ಬೇಗ ಸುಲಿಯುತ್ತೇನೆಂದು ಹುರುಪಿನಲ್ಲಿದ್ದಳು. ಒಳಗೆ ಬಂದ ಮೇಡಂ ಅವಳ ಕೈ ನೋಡುತ್ತ ನಿಂತುಬಿಟ್ಟರು.

"ಸಾಕು ಪುಟ್ಟಿ, ನೀನು ಆಡೋಕೆ ಹೋಗು. ನಿನ್ನ ಪಾಲಿಂದು ನಾನು ಮಾಡ್ತೀನಿ" ಎಂದು ಮೊರವನ್ನು ತಮ್ಮ ಕಡೆ ಎಳೆದುಕೊಂಡರು.

ಮಗಳು ಸ್ವೀಡಿಷ್‌ನಲ್ಲಿ, ಇದೂ ಆಟವೇ ಅಲ್ಲವಾ ಎಂದು ವಾದ ಮಾಡಿದಳು. ಮೇಡಂ ಕೇಳಲಿಲ್ಲ. ನನಗೆ ಸ್ವಲ್ಪ ಸಿಟ್ಟೂ ಬಂತು. ನನ್ನ ಮಗಳಿಗೆ ನಾನು ನಾಲ್ಕು ಕಾಳು ಸುಲಿಯಲು ಹೇಳಿದ್ದು ಇವರ ಪುಸ್ತಕದ ಗಿರಣಿಯಾಯಿತೇ ಎಂದು ಮನಸ್ಸಿನಲ್ಲೇ ಗೊಣಗಿಕೊಂಡೆ.

ಇದಕ್ಕೆಲ್ಲ ಅರ್ಥ ಸಿಕ್ಕಿದ್ದು ಅವರ ಅಕ್ಕ ಬಂದಾಗ. ಪಿಎಚ್‌ಡಿ ಮುಗಿಯುವ ವರ್ಷ, ಎಲ್ಲರೆದುರು ನಡೆಯುವ ಕೊನೆಯ ಪರೀಕ್ಷೆಗೆಂದು ಅಕ್ಕನನ್ನು ಕರೆಸಿಕೊಂಡರು. ಅಪ್ಪ ಅಮ್ಮ ಇಬ್ಬರೂ ಬೇಗ ಹೋಗಿದ್ದರಿಂದ ಇವರನ್ನು ಬೆಳೆಸಿದ್ದು ಈ ಅಕ್ಕನೇ. ಅಕ್ಕನಿಗೆ ತುಳು ಮತ್ತು ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ಆ ದಿನ ಪಕ್ಕದಲ್ಲಿ ಕೂತು ಎಲ್ಲವನ್ನೂ ಕನ್ನಡದಲ್ಲಿ ಹೇಳುವ ಕೆಲಸವನ್ನು ಮೇಡಂ ನನಗೆ ಒಪ್ಪಿಸಿದರು.

ಪರೀಕ್ಷೆಯ ದಿನ ಬೆಳಿಗ್ಗೆ ರೈಲಿನಲ್ಲಿ ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದೆ. ರೇಷ್ಮೆ ಸೀರೆ, ಅದರ ಮೇಲೆ ತಂಗಿಯ ದಪ್ಪ ಚಳಿಕೋಟು. ನಾನು ಕೊಟ್ಟ ಚಾಕೊಲೇಟಿನ ಕಾಗದ ಅಕ್ಕನ ಬೆರಳಿನಲ್ಲಿ ಸುತ್ತಿಕೊಳ್ಳುತ್ತಿತ್ತು. ಒಂದು ತುದಿ ಸಣ್ಣ, ಒಂದು ತುದಿ ದಪ್ಪ.

"ಮೇಡಂ ಕೂಡ ಹೀಗೇ ಮಾಡ್ತಾರೆ" ಎಂದೆ.

"ಮಾಡದೆ ಎಂತ? ಬೀಡಿ ಕಟ್ಟಿದ ಕೈಯಲ್ವಾ" ಎಂದರು ಅಕ್ಕ, ತೀರಾ ಸಹಜವಾಗಿ. "ನಾನು ಸುತ್ತುವುದು, ಅವಳು ತುದಿ ಮಡಚುವುದು. ಸಣ್ಣ ಬೆರಳಲ್ವಾ, ಚಂದ ಆಗ್ತಿತ್ತು. ಶಾಲೆಯ ಮೇಷ್ಟ್ರು ಮನೆಗೆ ಬಂದು ಕೇಳಿದ್ರೆ, ಕೆಲಸ ಎಂತದೂ ಇಲ್ಲ ಸಾರ್, ಅಕ್ಕನಿಗೆ ಸ್ವಲ್ಪ ಸಹಾಯ ಅಂತ ಹೇಳ್ತಿದ್ದಳು. ಮತ್ತೆ ನಾನೇ ಶಾಲೆಗೆ ಕಳಿಸಿದೆ. ನೀನು ಹೋಗು, ನಿನ್ನ ಪಾಲಿನದ್ದು ನಾನು ಕಟ್ತೇನೆ ಅಂತ. ಇವಳು ಹೇಳ್ಲಿಲ್ವಾ ನಿಮಗೆ?"

ಹೇಳಿರಲಿಲ್ಲ. ನನಗೆ ಮಾತ್ರವಲ್ಲ, ಯಾರಿಗೂ ಹೇಳಿರಲಿಲ್ಲ. ಅಮೆರಿಕದ ಗಿರಣಿಗಳಲ್ಲಿ ತಪಾಸಣೆಗೆ ಬಂದವರಿಗೆ ಪುಟ್ಟ ಮಕ್ಕಳು ಕಂಡಾಗ, ಇವರು ಕೆಲಸದವರಲ್ಲ, ದೊಡ್ಡವರಿಗೆ ಊಟ ತಂದವರು ಎಂದು ಮೇಸ್ತ್ರಿಗಳು ಹೇಳುತ್ತಿದ್ದರಂತೆ. ಅದನ್ನು ಓದಿದ ದಿನ ಗ್ರಂಥಾಲಯದಲ್ಲಿ ಜೋರಾಗಿ ನಕ್ಕುಬಿಟ್ಟೆ ಎಂದು ಮೇಡಂ ಹೇಳಿದ್ದರು. ಅದರಲ್ಲಿ ನಗುವಂಥದ್ದು ಏನಿದೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಇಲ್ಲಿ ಪರೀಕ್ಷೆಗೆ ಕೆಲವು ವಾರ ಮೊದಲೇ ಥೀಸಿಸ್‌ಗೆ ತೂತು ಮಾಡಿ, ಸುತ್ತಿಗೆ ಹಿಡಿದು, ಹಲಗೆಯ ಮೇಲೆ ಮೊಳೆ ಹೊಡೆದು ತೂಗುಹಾಕುವ ಪದ್ಧತಿ ಇದೆ, ಬೇಕಾದವರು ಓದಲಿ ಎಂದು. ಹಾಲ್‌ನ ಹೊರಗೆ ಅದನ್ನು ಕಂಡ ಅಕ್ಕ ಗಾಬರಿಯಾದರು. "ಪುಸ್ತಕಕ್ಕೆ ಮೊಳೆ ಹೊಡೆಯುವುದಾ? ಸರಸ್ವತಿ ಅಲ್ವಾ ಅದು!" ಎಂದು ಎರಡು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಪಕ್ಕದಲ್ಲಿದ್ದ ಪ್ರೊಫೆಸರರೊಬ್ಬರು ಏನೆಂದು ತಿಳಿಯದೆ ತಾವೂ ಗಂಭೀರವಾಗಿ ತಲೆಬಾಗಿಸಿದರು.

ಪರೀಕ್ಷೆ ಶುರುವಾಯಿತು. ಮೇಡಂ ಒಂದು ಎತ್ತರದ ಮೇಜಿನ ಹಿಂದೆ ನಿಂತಿದ್ದರು. ಆ ದಿನಕ್ಕೆಂದೇ ಕೊಂಡ ಎತ್ತರದ ಚಪ್ಪಲಿ. ಬೇರೆ ಊರಿಂದ ಬಂದ ಪರೀಕ್ಷಕರು ಥೀಸಿಸ್‌ನ ಪುಟ ಪುಟ ತಿರುಗಿಸಿ ಕೇಳುತ್ತಾ ಹೋದರು. ಒಳ್ಳೆಯ ಮನುಷ್ಯ, ಮೃದುವಾದ ದನಿ. ನಾನು ಪಿಸುಗುಟ್ಟಿ ಅಕ್ಕನಿಗೆ ಹೇಳುತ್ತಿದ್ದೆ. ಅಕ್ಕ ತಂಗಿಯಿಂದ ಕಣ್ಣು ತೆಗೆಯಲಿಲ್ಲ. ಗಂಟೆ ಕಳೆಯಿತು, ಇನ್ನೊಂದು ಕಳೆಯಿತು. ಮೇಡಂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಅಂಜಿಕೆ ಎಂದುಕೊಂಡೆ.

ಆಗ ಆ ಪ್ರಶ್ನೆ ಬಂತು. ಥೀಸಿಸ್‌ನಲ್ಲಿ ಒಂದು ಕಡೆ ಮೇಡಂ, ಕೆಲಸ ಮಾಡುವ ಮಗುವಿಗೆ ತನ್ನ ಬೆರಳಿನ ವೇಗದ ಬಗ್ಗೆ ಹೆಮ್ಮೆಯೂ ಇತ್ತು, ಆ ಹೆಮ್ಮೆಯೇ ಮಗುವನ್ನು ಕಟ್ಟಿಹಾಕುತ್ತಿತ್ತು ಎಂದು ಬರೆದಿದ್ದರು. ಪರೀಕ್ಷಕರು ಕೇಳಿದರು: "ಈ ವಾಕ್ಯಕ್ಕೆ ಆಧಾರ ಏನು? ಮಕ್ಕಳು ಖುಷಿಯಾಗಿದ್ದರು ಎಂದು ಗಿರಣಿ ಮಾಲೀಕರೂ ಹೇಳುತ್ತಿದ್ದರಲ್ಲ?"

ನಾನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ಅಕ್ಕ ಮುಗುಳ್ನಕ್ಕರು. ತಂಗಿಗೆ ಇದು ಸುಲಭದ ಪ್ರಶ್ನೆ ಎನ್ನುವ ಹಾಗೆ. ಮೇಡಂ ನೀರು ಕುಡಿದರು. ನಮ್ಮ ಕಡೆ ನೋಡಲಿಲ್ಲ. "ಆಧಾರ ಇಲ್ಲ. ಆ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ" ಎಂದರು.

ಅದನ್ನೂ ನಾನು ಕನ್ನಡದಲ್ಲಿ ಹೇಳಬೇಕಾಯಿತು. ಅಕ್ಕ "ಹೌದಾ" ಎಂದರು, ಅಷ್ಟೇ.

ಎಲ್ಲ ಮುಗಿಯಿತು ಎನ್ನುವಾಗ ಪರೀಕ್ಷೆ ನಡೆಸಿಕೊಡುತ್ತಿದ್ದ ಅಧ್ಯಕ್ಷರು ಎದ್ದು, ಸಭೆಯಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ ಎಂದರು. ಅದೂ ಇಲ್ಲಿನ ಪದ್ಧತಿ. ಅಲ್ಲಿ ಕೂತ ಯಾರು ಬೇಕಾದರೂ ಕೇಳಬಹುದು.

"ಎಂತ ಹೇಳಿದ್ರು ಅವರು?"

"ಇಲ್ಲಿ ಕೂತಿರೋರು ಯಾರಾದ್ರೂ ಏನಾದ್ರೂ ಕೇಳ್ಬೇಕಿದ್ರೆ ಕೇಳ್ಬಹುದಂತೆ."

"ಯಾರು ಬೇಕಾದ್ರೂ?"

"ಯಾರು ಬೇಕಾದ್ರೂ."

ಅಕ್ಕ ಸೆರಗು ಸರಿಮಾಡಿಕೊಂಡು, ಮುಂದಿನ ಕುರ್ಚಿಯ ಬೆನ್ನು ಹಿಡಿದು ಏಳತೊಡಗಿದರು. ಅಧ್ಯಕ್ಷರು ನೋಡಿದರು, ಪರೀಕ್ಷಕರು ತಿರುಗಿದರು, ಹಾಲ್‌ಗೆ ಹಾಲೇ ಆ ರೇಷ್ಮೆ ಸೀರೆಯ ಕಡೆ ತಿರುಗಿತು. ಮೇಡಂ ಮೇಜಿನ ಹಿಂದಿನಿಂದ ಅಂಗೈ ತುಸು ಎತ್ತಿ ಕೆಳಗೆ ಒತ್ತಿದರು. ಬಹಳ ಸಣ್ಣ ಸನ್ನೆ. ಅಕ್ಕ ಹಾಗೇ ಕೂತುಬಿಟ್ಟರು. ಆಮೇಲೆ ಚಪ್ಪಾಳೆ, ಕೇಕು, ಹೂವು.

ಅಕ್ಕ ಊರಿಗೆ ವಾಪಸಾದರು. ಮತ್ತೆ ಬರಲಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಉಸಿರಾಟದ ತೊಂದರೆ ಜೋರಾಗಿ ತೀರಿಕೊಂಡರು. ಮೇಡಂ ಹೋಗಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊಗೆಸೊಪ್ಪಿನ ಪುಡಿ ಶ್ವಾಸಕೋಶದಲ್ಲಿ ಏನು ಮಾಡುತ್ತದೆ ಎಂದು ನನ್ನನ್ನು ಒಮ್ಮೆ ಕೇಳಿದರು. ನಾನು ಹೇಳಿದೆ. ಅದನ್ನು ಕೇಳಿಸಿಕೊಂಡು ರೈಲಿನ ಕಿಟಕಿಯ ಕಡೆ ತಿರುಗಿದರು.

ಆಮೇಲೊಂದು ದಿನ, ಫೀಕಾ ಎನ್ನುವ ಇಲ್ಲಿನ ಕಾಫಿ ವಿರಾಮಕ್ಕೆ ಕೂತಿದ್ದಾಗ, ತಾವಾಗಿ ಶುರುಮಾಡಿದರು.

"ಆವತ್ತು ಅಕ್ಕ ಏನು ಕೇಳೋಕೆ ಎದ್ದಿದ್ಲು ಅಂತ ನಿಂಗೇನಾದ್ರೂ ಹೇಳಿದ್ಲಾ?"

"ಇಲ್ಲ ಮೇಡಂ. ಎದ್ರು, ನೀವು ಸನ್ನೆ ಮಾಡಿದ್ರಿ, ಕೂತ್ರು."

"ನನ್ನತ್ರಾನೂ ಹೇಳ್ಲಿಲ್ಲ. ಫೋನಲ್ಲಿ ಎಷ್ಟು ಸಲ ಕೇಳಿದೆ. ಎಂತದೂ ಇಲ್ಲ ಮಾರಾಯ್ತಿ, ಸುಮ್ಮನೆ ಎದ್ದದ್ದು ಅಂತ ನಗ್ತಿದ್ಲು." ಬನ್ನಿನ ಕಾಗದ ಬೆರಳಲ್ಲಿ ಸುತ್ತಿಕೊಳ್ಳುತ್ತಿತ್ತು. "ನಂಗೆ ಗೊತ್ತು. ಬೀಡಿ ವಿಷಯ ಹೇಳೋಕೆ ಎದ್ದಿದ್ದು. ಆಧಾರ ಇಲ್ಲ ಅಂತ ಯಾಕೆ ಹೇಳಿದೆ, ನಾನಿಲ್ವಾ, ನಮ್ಮ ಬೀಡಿ ಎಷ್ಟು ಚಂದ ಆಗ್ತಿತ್ತು ಅಂತ ಎಲ್ಲರೆದುರು ಹೇಳ್ತಿದ್ಲು. ಎಷ್ಟು ಹೆದರಿಕೆ ಆಯ್ತು ಗೊತ್ತಾ? ಅಲ್ಲಿವರೆಗೆ ನಾನು ಇತಿಹಾಸಕಾರ್ತಿ. ಅವಳು ಬಾಯಿ ಬಿಟ್ರೆ ಪಾಪದ ಹುಡುಗಿ. ಥೀಸಿಸ್ ಯಾರೂ ಓದಲ್ಲ, ನನ್ನ ಮುಖ ನೋಡಿ ಅಯ್ಯೋ ಅಂತಾರೆ. ಆ ಕನಿಕರ ನಂಗೆ ಬೇಡವಾಗಿತ್ತು."

ಸುತ್ತಿದ ಕಾಗದದ ತುದಿಯನ್ನು ಉಗುರಿನಿಂದ ಒಳಕ್ಕೆ ಮಡಚಿ ಹೇಳಿದರು. "ಆ ಸನ್ನೆ ಇದೆಯಲ್ಲ, ಅದು ಅಕ್ಕನದ್ದೇ. ಕಟ್ಟಿದ್ದನ್ನು ಒಪ್ಪಿಸುವ ಬೀಡಿ ಬ್ರಾಂಚಿನಲ್ಲಿ ನಮ್ಮ ಬೀಡಿ ಪರೀಕ್ಷೆ ಮಾಡುವಾಗ ನಾನು ಎಂತಾದ್ರೂ ಮಾತಾಡಿಬಿಡ್ತೇನೆ ಅಂತ ಅವಳಿಗೆ ಭಯ. ದೂರದಿಂದಲೇ ಕೈ ಹೀಗೆ ಒತ್ತುವುದು. ನಾನು ತಟಕ್ಕನೆ ಸುಮ್ಮನಾಗ್ತಿದ್ದೆ. ಅವಳೂ ಆವತ್ತು ಹಾಗೇ ತಟಕ್ಕನೆ ಕೂತಳು ಮಾರಾಯ್ತಿ. ನನ್ನ ಪಾಲಿನದ್ದೂ ಕಟ್ಟಿಕೊಟ್ಟವಳನ್ನೇ ನಾನು ಸುಮ್ಮನಿರಿಸಿಬಿಟ್ಟೆ."

ಇಷ್ಟು ಹೇಳಿ ಅತ್ತರು. ಅವರು ಅತ್ತದ್ದು ನಾನು ನೋಡಿದ್ದು ಅದೊಂದೇ ಸಲ.

ಅದಾದ ಮೇಲೆ ಅವರಿಗೊಂದು ಪದ್ಧತಿ ಹುಟ್ಟಿಕೊಂಡಿತು. ಅಧ್ಯಾಪಕಿಯಾಗಿ, ಬೇರೆಯವರ ಪರೀಕ್ಷೆಗಳಿಗೆ ತಾವೇ ಅಧ್ಯಕ್ಷರಾಗಿ ಕೂರುವ ಕಾಲ ಬಂದಾಗ, ಸಭೆಯಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿ ಕಾಯುತ್ತಿದ್ದರು. ಎಲ್ಲರೂ ಹೆಸರಿಗೆ ಕಾದು ಮುಗಿಸಿಬಿಡುವ ಕಡೆ ಇವರು ನಿಜವಾಗಿ ಕಾಯುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಯರು, ಭಾಷೆ ಬಾರದ ಅಪ್ಪಂದಿರು, ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಮೌನಕ್ಕೆ ಹೆಸರಾದ ಸ್ವೀಡನ್ನಿನವರೇ ಗಡಿಯಾರ ನೋಡಿಕೊಳ್ಳುತ್ತಿದ್ದರು. ಹೊರಗೆ ಕೇಕು ಕಾಯುತ್ತಿತ್ತು. ಕೊನೆಗೆ ಯಾರಾದರೂ ತಡೆಯಲಾರದೆ ಏನಾದರೂ ಕೇಳಿಬಿಡುತ್ತಿದ್ದರು. ಅವರ ವಿದ್ಯಾರ್ಥಿಗಳು ಇದನ್ನು ಹೇಳಿಕೊಂಡು ನಗುತ್ತಿದ್ದರು, ಪ್ರೀತಿಯಿಂದಲೇ. ಕಾರಣ ಅವರಿಗೆ ಗೊತ್ತಿರಲಿಲ್ಲ.

ಅದೇ ಹೆಂಗಸು ಹಿಂದಕ್ಕೆ ತೆಗೆದುಕೊಂಡ ಆ ವಾಕ್ಯವನ್ನು ಮಾತ್ರ ಮತ್ತೆಲ್ಲೂ ಬರೆಯಲಿಲ್ಲ. ನಾನು ಒತ್ತಾಯಿಸಿದ್ದೆ. ಈಗಲಾದರೂ ಅಕ್ಕನ ವಿಷಯ ಬರೆಯಿರಿ ಎಂದರೆ, "ಕೇಳಬೇಕಾದಾಗ ಕೇಳಲಿಲ್ಲ. ಈಗ ಅವಳ ಬಾಯಲ್ಲಿ ನಾನು ಮಾತು ಹಾಕುವುದಾ?" ಎನ್ನುತ್ತಿದ್ದರು. ಕಳೆದ ಚಳಿಗಾಲದಲ್ಲಿ, ನಿವೃತ್ತಿಗೆ ಇನ್ನೂ ಸಮಯವಿರುವಾಗಲೇ, ಕಾಯಿಲೆ ಬಿದ್ದು ತೀರಿಹೋದರು. ಆಸ್ಪತ್ರೆಯಲ್ಲಿ ನಾನು ಅವರ ಜೊತೆಗಿದ್ದೆ. ಹೊದಿಕೆಯ ಅಂಚು ಬೆರಳುಗಳ ನಡುವೆ ಸುತ್ತಿಕೊಳ್ಳುತ್ತಿತ್ತು. ಎಚ್ಚರ ಇದ್ದಾಗ ಒಮ್ಮೆ, "ಅಕ್ಕ ಏನು ಕೇಳ್ತಿದ್ಲೋ" ಎಂದರು. ನನ್ನನ್ನು ಕೇಳಿದ್ದಲ್ಲ.

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವರ ಕೆಲವು ಸಾಮಾನು ತಲುಪಿಸಲು ಮಂಗಳೂರಿಗೆ ಹೋಗಿದ್ದೆ. ಅಕ್ಕನ ಮಗಳು ಅಲ್ಲಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಊಟ ಬಡಿಸುತ್ತ, "ಪರೀಕ್ಷೆ ದಿನ ಅಮ್ಮನ ಪಕ್ಕ ಕೂತದ್ದು ನೀವೇ ಅಲ್ವಾ?" ಎಂದಳು. "ಅಮ್ಮ ಆ ಕತೆ ಹೇಳಿ ಹೇಳಿ ನಗ್ತಿದ್ರು."

"ಯಾವ ಕತೆ?"

"ಚಿಕ್ಕಮ್ಮನನ್ನು ಅಲ್ಲಿ ಬೆಳಿಗ್ಗೆಯಿಂದ ನಿಲ್ಲಿಸಿಯೇ ಬಿಟ್ಟಿದ್ರಂತಲ್ಲ. ಕೇಳುವವರೆಲ್ಲ ಕೂತಿದ್ದಾರೆ, ಇವಳೊಬ್ಬಳೇ ನಿಂತಿದ್ದಾಳೆ, ಕಾಲು ನೋವು ಬಂದಿದೆ, ನನಗೆ ಕಾಣ್ತದೆ ಅಂತಿದ್ರು. ಯಾರು ಬೇಕಾದ್ರೂ ಕೇಳ್ಬಹುದು ಅಂತ ನೀವು ಹೇಳಿದ್ರಂತೆ. ಹಾಗಾದ್ರೆ, ಇವಳು ಸ್ವಲ್ಪ ಕೂತ್ಕೊಳ್ಬಹುದಾ ಅಂತ ಕೇಳುವ ಅಂತ ಎದ್ದದ್ದಂತೆ. ಅಷ್ಟರಲ್ಲಿ ಚಿಕ್ಕಮ್ಮ ಸುಮ್ಮನಿರು ಅಂತ ಸನ್ನೆ ಮಾಡಿದ್ರಂತೆ."

ನನ್ನ ಕೈ ಎಲೆಯ ಮೇಲೆ ಹಾಗೇ ನಿಂತಿತು. "ಮತ್ತೆ ಮೇಡಂ ಅಷ್ಟು ಸಲ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಹೇಳುವುದು ಎಂತ? ಅಲ್ಲಿ ನಿಲ್ಲುವುದೇ ಮರ್ಯಾದೆ ಇರಬೇಕು, ನಾನು ಗೊತ್ತಿಲ್ಲದವಳು ಕೇಳಿದ್ರೆ ಅವಳಿಗೇ ನಾಚಿಕೆ ಆಗ್ತಿತ್ತು, ಒಳ್ಳೇದಾಯ್ತು ಕೂತದ್ದು ಅಂತಿದ್ರು ಅಮ್ಮ. ಸಾರು ಹಾಕ್ಲಾ?"

ಬೀಡಿಯ ಮಾತೇ ಅಲ್ಲ. ಆಧಾರವೂ ಅಲ್ಲ, ಹೆಮ್ಮೆಯೂ ಅಲ್ಲ. ಇಷ್ಟು ವರ್ಷ ಅವರು ತಮ್ಮನ್ನು ತಾವು ಸುಟ್ಟುಕೊಂಡದ್ದು ಅಕ್ಕ ಆಡಲು ಬಯಸದ ಮಾತಿಗಾಗಿ. ಇದನ್ನು ಹೇಳೋಣವೆಂದರೆ, ಕೇಳಬೇಕಾದವರು ಇಲ್ಲ.

ಕಳೆದ ತಿಂಗಳು ಅವರ ಕೊನೆಯ ವಿದ್ಯಾರ್ಥಿನಿಯ ಪರೀಕ್ಷೆ ಇತ್ತು. ಸ್ವೀಡಿಷ್ ಹುಡುಗಿ, ಇಲ್ಲಿನ ಹಳೆಯ ಗಾಜಿನ ಕಾರ್ಖಾನೆಗಳಲ್ಲಿ ದುಡಿದ ಮಕ್ಕಳ ಮೇಲೆ ಬರೆದಿದ್ದಾಳೆ. ನನಗೆ ಅಲ್ಲಿ ಕೆಲಸವಿರಲಿಲ್ಲ, ಆದರೂ ಹೋದೆ. ಅದೇ ಹಾಲ್, ಅದೇ ಎತ್ತರದ ಮೇಜು. ಹುಡುಗಿ ಬೆಳಿಗ್ಗೆಯಿಂದ ನಿಂತು ಉತ್ತರ ಕೊಟ್ಟಳು. ಮಧ್ಯಾಹ್ನವಾಗುತ್ತಾ ಬಂದಾಗ ಅಧ್ಯಕ್ಷರು, ಮೇಡಂ ಅವರ ಜೊತೆ ಬಹಳ ಕಾಲ ಕೆಲಸ ಮಾಡಿದವರು, ಸಭೆಯಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ ಎಂದರು. ಅವರ ನೆನಪಿಗೆಂದೇ ಇರಬೇಕು, ಬಹಳ ಹೊತ್ತು ಕಾದರು.

ನಾನು ಕೈ ಎತ್ತಿದೆ. ಎದ್ದು ನಿಂತೆ.

"ಇದು ಥೀಸಿಸ್‌ಗೆ ಸಂಬಂಧಪಟ್ಟದ್ದಲ್ಲ" ಎಂದೆ. "ಬಹಳ ವರ್ಷದ ಹಿಂದೆ ಇದೇ ಸಾಲಿನಲ್ಲಿ ಕೂತಿದ್ದವರೊಬ್ಬರು ಕೇಳಬೇಕೆಂದು ಎದ್ದಿದ್ದರು, ಕೇಳಲಿಲ್ಲ. ಅವರ ಪರವಾಗಿ ಕೇಳುತ್ತಿದ್ದೇನೆ. ಈ ಹುಡುಗಿ ಬೆಳಿಗ್ಗೆಯಿಂದ ನಿಂತಿದ್ದಾಳೆ. ಸ್ವಲ್ಪ ಕೂತುಕೊಳ್ಳಬಹುದೇ?"

ಒಂದಿಬ್ಬರು ನಕ್ಕರು. ಅಧ್ಯಕ್ಷರು ನಗಲಿಲ್ಲ. ತಮ್ಮ ಕುರ್ಚಿಯನ್ನೇ ಎತ್ತಿ ಮೇಜಿನ ಹಿಂದಕ್ಕೆ ಒಯ್ದು ಇಟ್ಟರು. ಹುಡುಗಿ ಒಮ್ಮೆ ಅವರನ್ನು ನೋಡಿ, ಒಮ್ಮೆ ನನ್ನನ್ನು ನೋಡಿ, ಕೂತಳು.